ಹದ ಬಂದಾಗ ಇಳಿಸುವುದು

ಗಾಣದಕೊಪ್ಪಲು,
ಪುಷ್ಯ ಮಾಸದ ನಲವತ್ತೊಂದನೆಯ ದಿನ,
ಎಣ್ಣೆಬಾವಿ ಬತ್ತಿದ ಎಂಬತ್ತನೆಯ ವರ್ಷ.

ನಮಗಿಂತ ಹಿಂದಿನ ಕಾಲದಲ್ಲಿ ಕೂತು ಕಬ್ಬಿನ ಹಾಲನ್ನು ಇನ್ನೂ ಕಾಯಿಸಿ ಬೆಲ್ಲ ಮಾಡುತ್ತಿರುವ ಹಿರಿಯರಿಗೆ ಸಣ್ಣತಾಯಿ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನೀವು ನಗಬಹುದು. ನಮ್ಮಲ್ಲಿ ಕಬ್ಬು ಕಡಿದು ಮುಗಿಯುವವರೆಗೆ ಪುಷ್ಯ ಮುಗಿಯುವುದಿಲ್ಲ. ಉಳಿದ ತಿಂಗಳುಗಳು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತವೆ. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಇನ್ನೂ ಕೆಲವು ಮಾತುಗಳು ಬರುತ್ತವೆ. ಅವು ನಮಗೆ ದಿನಬಳಕೆಯವು. ತೊಡಕಾದರೆ ಕ್ಷಮಿಸಬೇಕು.

ನಿಮ್ಮ ಆಲೆಮನೆ ಇದ್ದ ಜಾಗದಲ್ಲಿ ಈಗ ಮಾಗುಮನೆ ಇದೆ. ಕಬ್ಬಿನ ಸಿಹಿ ಬೇರೊಂದಾಗಿ ಮಾಗುವ ಮನೆ ಎಂದು ಆ ಹೆಸರು. ಅರೆದ ಕಬ್ಬಿನ ಹಾಲು, ಸಿಪ್ಪೆಯನ್ನು ನೆನೆಸಿ ಬಿಡಿಸಿದ ಸಿಹಿನೀರು, ಎರಡೂ ಒಂದು ತೊಟ್ಟಿಯಲ್ಲಿ ಕೂಡುತ್ತವೆ. ಅಲ್ಲಿಂದ ಬಿಸಿಯಾಗಿ ಒಂದು ಎತ್ತರದ ಕೊಳವೆಗೆ ಇಳಿಯುತ್ತವೆ. ಕೊಳವೆಯ ತುಂಬ ಸಾಸಿವೆಯಷ್ಟು ದಪ್ಪದ ಕಪ್ಪು ಕಾಳು. ಮೇಲಿನಿಂದ ಸಿಹಿ ಹೋಗುತ್ತದೆ, ಕೆಳಗಿನಿಂದ ಕಂದುಬಣ್ಣದ ನಡುನೀರು ಬರುತ್ತದೆ. ಸಕ್ಕರೆಯಾಗಿ ಉಳಿಯದ, ವಸ್ತುವೂ ಆಗದ ನೀರಾದ್ದರಿಂದ ಅದು ನಡುನೀರು. ನೀವು ನೆಲದೆಣ್ಣೆಯಿಂದ ಮಾಡಿಕೊಂಡ ನೂಲು, ಬಾಟಲಿ, ಬಣ್ಣ, ಅಂಟು ಎಲ್ಲವನ್ನೂ ನಾವು ಅದರಿಂದ ಮಾಡಿಕೊಳ್ಳುತ್ತೇವೆ.

ಆ ಕಾಳನ್ನು ನಿಮ್ಮ ಪುಸ್ತಕಗಳು ವೇಗವರ್ಧಕ ಎನ್ನುತ್ತವೆ. ಮೊದಮೊದಲು ನಮ್ಮವರು ಹೆಪ್ಪು ಎನ್ನುತ್ತಿದ್ದರಂತೆ. ಆದರೆ ಹೆಪ್ಪು ಮೊಸರಿನೊಳಗೇ ಸೇರಿಹೋಗುತ್ತದೆ. ಈ ಕಾಳು ಹಾಗಲ್ಲ. ಹೆರಿಗೆ ಮಾಡಿಸಿ, ಕೈ ತೊಳೆದುಕೊಂಡು, ಬಂದ ಹಾಗೇ ಹೊರಟು ಇನ್ನೊಂದು ಮನೆಗೆ ಹೋಗುವ ಹೆಂಗಸಿನಂಥದು. ಅದಕ್ಕೇ ಈಗ ಎಲ್ಲರೂ ಸೂಲಗಿತ್ತಿ ಎನ್ನುತ್ತಾರೆ. ಅವಳ ಮೈಯಲ್ಲಿ ಹುಳಿ ಇದೆ. ಆ ಹುಳಿಯೇ ಅವಳ ಕೈಗುಣ.

ನಾನು ಉಟ್ಟ ಸೀರೆಯ ನೂಲು ಕಬ್ಬಿನದು, ಕೂತ ಚಾಪೆ ಕಬ್ಬಿನದು, ಬಾಗಿಲಿಗೆ ಬಳಿದ ಹಸಿರು ಬಣ್ಣವೂ ಕಬ್ಬಿನದೇ. ಹೊಸ ಬಕೆಟ್ಟು ತಂದ ದಿನ ಮನೆಯಲ್ಲೆಲ್ಲ ಸೀದ ಸಕ್ಕರೆಯ ನವಿರಾದ ವಾಸನೆ. ಮಕ್ಕಳು ಬಕೆಟ್ಟನ್ನು ನೆಕ್ಕಿ ಬೈಸಿಕೊಳ್ಳುತ್ತಾರೆ. ಬಕೆಟ್ಟು ಸಿಹಿಯಿರುವುದಿಲ್ಲ. ಹಾಗೆಂದು ನಾನು ಮಾಗುಮನೆಯನ್ನು ದೂರುತ್ತಿಲ್ಲ. ಅದು ನಮಗೆಲ್ಲ ಅನ್ನ ಕೊಟ್ಟಿದೆ. ಆದರೆ ಪ್ರತಿ ಹೊರೆ ಕಬ್ಬೂ ಯಾವುದೋ ಒಂದು ವಸ್ತುವಿಗೆ ಬೇಕಾಗುತ್ತಾ ಬಂದಂತೆ ಬೆಲ್ಲಕ್ಕೆ ಉಳಿಯುವುದು ಕಡಿಮೆಯಾಯಿತು. ಬೆಲ್ಲ ಬೇಡವೆಂದು ಯಾರೂ ಹೇಳಲಿಲ್ಲ, ಅದು ತಾನಾಗಿ ನಿಂತುಹೋಯಿತು. ಸಂಕ್ರಾಂತಿಗೆ ಈಗಲೂ ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುತ್ತೇವೆ. ಕೈಗೆ ಹಾಕುವುದು ಎಳ್ಳು, ಕೊಬ್ಬರಿ, ಕಡಲೆ. ಬೆಲ್ಲ ಬಾಯಿಮಾತಿನಲ್ಲಿ ಮಾತ್ರ ಇದೆ.

ನನ್ನ ಅಜ್ಜಿ ದೇವೀರಮ್ಮ ಈ ಸೀಮೆಯ ಕೊನೆಯ ಆಲೆಮನೆಯನ್ನು ಕಂಡವಳು. ಅದು ಅವಳ ಅಪ್ಪನದು. ದಾರಿಯಲ್ಲಿ ಹೋಗುವವರನ್ನು ಕರೆದು ಬಿಸಿ ಪಾಕವನ್ನು ಎಲೆಯ ಮೇಲೆ ಹಾಕಿ ಕೊಡುತ್ತಿದ್ದರಂತೆ. ಬೇಡ ಎಂದವರಿಗೆ ಬೈಯುತ್ತಿದ್ದರಂತೆ. ಅಪ್ಪನ ಕೆಲಸ ತನ್ನ ಜೊತೆಗೇ ಮಣ್ಣಾಗಬಾರದು, ಒಂದು ಸಲ ಬೆಲ್ಲ ಮಾಡಿ ನನ್ನ ಕೈಗೆ ದಾಟಿಸಿಬಿಡಬೇಕು ಎಂಬುದು ಅವಳ ಆಸೆ. ಈ ಸಂಕ್ರಾಂತಿಗೆ ಮೊದಲು ಮಾಗುಮನೆಯ ಮೇಸ್ತ್ರಿ ಜವರಯ್ಯನವರ ಮುಂದೆ ಕೂತು ಒಂದು ಕೊಪ್ಪರಿಗೆ ಹಾಲು ಕೇಳಿದಳು. ಅವರು ತಲೆ ಕೆರೆದುಕೊಂಡು ಒಪ್ಪಿದರು.

ಹಾಲು ತರಲು ಹೋದ ದಿನ ಅಜ್ಜಿ ಆಲೆಮನೆಯ ರೂಢಿಯಂತೆ ಸೊಂಟದಲ್ಲಿ ಸುಣ್ಣದ ಡಬ್ಬಿ ಸಿಕ್ಕಿಸಿಕೊಂಡಿದ್ದಳು. ಹಾಲಿನ ಕೊಳೆ ಮಡ್ಡಿಯಾಗಿ ತೇಲಲಿ ಎಂದು ಆಗ ಸುಣ್ಣ ಹಾಕುತ್ತಿದ್ದರು. ಆಲೆಮನೆಯಲ್ಲಿ ಹಾಲಿಗೆ ಇದ್ದದ್ದು ಒಂದೇ ದಾರಿ, ಕೊಪ್ಪರಿಗೆಗೆ. ಮಾಗುಮನೆಯ ತೊಟ್ಟಿಯಿಂದ ಅದು ಕೊಳವೆಗೂ ಹೋಗುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಡಬ್ಬಿಯನ್ನು ತೊಟ್ಟಿಗೇ ಬಗ್ಗಿಸಿದಳು. ಅಷ್ಟು ಸಾಲದೆಂದು ಗೋಡೆಗೆ ಬಳಿಯಲು ಇಟ್ಟಿದ್ದ ಸುಣ್ಣದ ತಿಳಿಯನ್ನೂ ಸುರಿದಳು. ಸುಣ್ಣ ಕೊಳವೆಗೆ ಹೋಗಿ ಕಾಳಿನ ಹುಳಿಯನ್ನು ಹಿಡಿದುಕೊಂಡಿತು. ಸೂಲಗಿತ್ತಿ ಮಲಗಿಬಿಟ್ಟಳು. ಕೊಳವೆಯ ಕೆಳಗೆ ನಡುನೀರಿನ ಬದಲು ಮೇಲೆ ಹೊಯ್ದ ಹಾಲೇ ಇಳಿಯತೊಡಗಿತು.

ಜವರಯ್ಯನವರು ಓಡಿ ಬಂದರು.

“ಅಜ್ಜಿ, ಸುಣ್ಣ ಹಾಕುದ್ರಾ?”

“ಸುಣ್ಣ ಹಾಕ್ದೆ ನಿನ್ ಮೀಸೆ ಹಾಕ್ಲಾ? ಮಡ್ಡಿ ತೆಗೀಬೇಡ್ವೇನ್ಲಾ?”

“ಸೂಲಗಿತ್ತಿನೇ ಮಲಗ್ಸಿಬುಟ್ರಲ್ಲ ತಾಯಿ.”

“ಮಲಗ್ಲಿ ಬುಡು, ನೀನು ಅವಳ್ನ ಯಾವತ್ ಮಲಗಕ್ ಬುಟ್ಟಿದ್ದೀಯ.”

ಜವರಯ್ಯನವರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನಕ್ಕುಬಿಟ್ಟರು. ಕಾಳನ್ನು ಹುಳಿನೀರಿನಲ್ಲಿ ತೊಳೆದರೆ ಅವಳು ಮತ್ತೆ ಏಳುತ್ತಾಳೆ, ಆದರೆ ಅದಕ್ಕೆ ಕೆಲವು ದಿನ ಬೇಕು. ತೊಟ್ಟಿಯ ಹಾಲು ಅಷ್ಟು ದಿನ ಕಾಯುವುದಿಲ್ಲ, ಸಂಜೆಯೊಳಗೆ ಹುಳಿತುಹೋಗುತ್ತದೆ. ಚೆಲ್ಲಬೇಕು, ಇಲ್ಲವೇ ಕಾಯಿಸಬೇಕು. ಹೀಗೆ ಅಜ್ಜಿ ಕೇಳಿದ್ದು ಒಂದು ಕೊಪ್ಪರಿಗೆ, ಸಿಕ್ಕಿದ್ದು ಊರಿನ ಹಾಲೆಲ್ಲ.

ನೆಲ ತೋಡಿ ಒಲೆ ಹೂಡಿದರು. ಮದುವೆ ಅಡುಗೆಯ ದೊಡ್ಡ ಪಾತ್ರೆಗಳು ಬಂದವು. ಮಡ್ಡಿ ತೆಗೆದು ಹಾಲು ಕುದಿಯತೊಡಗಿದಾಗ ನಮ್ಮ ಬಕೆಟ್ಟಿನ ವಾಸನೆಯ ತವರುಮನೆ ಯಾವುದು ಎಂದು ನನಗೆ ಅವತ್ತು ತಿಳಿಯಿತು. ಕೇರಿಯ ಜನ ಕರೆಯದೆಯೇ ಬಂದು ಒಲೆಯ ಸುತ್ತ ನಿಂತರು. ಅಜ್ಜಿ ಮುಂದೆ ಕೂತು ಪಾಕವನ್ನು ನೀರಿಗೆ ಬಿಟ್ಟು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಇಳಿಸಿ ಎಂದಳು. ಇಳಿಸಿ ಅಚ್ಚಿಗೆ ಹೊಯ್ದೆವು. ಅದು ಕಟ್ಟಲಿಲ್ಲ, ಎಷ್ಟು ಹೊತ್ತಾದರೂ ಜೋನಿಯಾಗಿಯೇ ಹರಿಯಿತು.

“ಅಜ್ಜಿ, ಇದ್ನ ಅಚ್ಗೆ ಹುಯ್ಯಾದಾ, ಲೋಟಕ್ಕಾ?” ಎಂದು ಪಕ್ಕದ ಮನೆಯ ಬಸವಣ್ಣ ಕೇಳಿದ.

“ನಿನ್ ತಲೆಗ್ ಹುಯ್ಕೊ. ಇರೋ ನಾಕ್ ಕೂದ್ಲಾದ್ರೂ ನಿಲ್ತವೆ” ಎಂದಳು.

ಎರಡನೆಯದನ್ನು ಹೆಚ್ಚು ಹೊತ್ತು ಬಿಟ್ಟಳು. ಅದು ಕರ್ರಗೆ ಕಲ್ಲಾಗಿ ಕಹಿಯಾಯಿತು. ಜವರಯ್ಯನವರು ಶಾಖ ಅಳೆಯುವ ಮುಳ್ಳನ್ನು ತಂದು ಮೂರನೆಯದಕ್ಕೆ ಇಳಿಬಿಟ್ಟರು. ಮುಳ್ಳು ಶಾಖ ತೋರಿಸಿತು, ಎಷ್ಟಕ್ಕೆ ಇಳಿಸಬೇಕೆಂದು ಅದಕ್ಕೂ ತಿಳಿದಿರಲಿಲ್ಲ. ಆ ಪಾಕವೂ ಕಟ್ಟಲಿಲ್ಲ. ಅಷ್ಟರಲ್ಲಿ ಹಾಲು ಮುಗಿದಿತ್ತು. ಜನ ಬೆರಳು ನೆಕ್ಕಿ, ಲೋಟ ತುಂಬಿಸಿಕೊಂಡು, ಸಂತೋಷವಾಗಿಯೇ ಮನೆಗೆ ಹೋದರು. ಅಜ್ಜಿ ಮಾತ್ರ ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನು ಪಾತ್ರೆ ಉಜ್ಜುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ನಮ್ಮಪ್ಪ ಬೆರಳ್ನಾಗೆ ನೋಡೋನು ಕಣವ್ವ. ನಾನು ನಮ್ಮಪ್ಪನ್ ಮುಖ ನೋಡ್ತಿದ್ದೆ.”

ಆಮೇಲೆ ನಾನು ಪುಸ್ತಕದ ಮನೆಗೆ ಹೋಗಿ ಹುಡುಕಿದೆ. ನಿಮ್ಮ ಕಾಲದವರು ಬೆಲ್ಲದ ವಿಷಯ ಬಹಳ ಬರೆದಿದ್ದೀರಿ. ಒಲೆ ಹೇಗೆ, ಸೌದೆ ಯಾವುದು, ಮಡ್ಡಿ ತೆಗೆಯಲು ಬೆಂಡೆಗಿಡದ ಲೋಳೆ ಯಾವಾಗ, ಎಲ್ಲ ಇದೆ. ಆಮೇಲೆ ಒಂದು ಸಾಲು ಬರುತ್ತದೆ: ಹದ ಬಂದಾಗ ಇಳಿಸುವುದು. ಎಲ್ಲರೂ ಇದನ್ನೇ ಬರೆದಿದ್ದೀರಿ. ಸೂಲಗಿತ್ತಿಗೆ ಎಷ್ಟು ಬಿಸಿ ಬೇಕು, ಎಷ್ಟು ಹೊತ್ತು ಬೇಕು ಎಂದು ನಮ್ಮ ಮಾಗುಮನೆಯ ಗೋಡೆಯ ಮೇಲೆಲ್ಲ ಬರೆದಿದೆ, ಏಕೆಂದರೆ ಅದು ನಮಗೆ ಹೊಸದು. ಹದ ಎಂದರೇನು ಎಂದು ನಿಮ್ಮಲ್ಲಿ ಯಾರೂ ಬರೆಯಲಿಲ್ಲ, ಏಕೆಂದರೆ ಅದು ನಿಮಗೆಲ್ಲ ಗೊತ್ತಿತ್ತು.

ಅದಕ್ಕಾಗಿ ಈ ಕಾಗದ. ನಿಮ್ಮಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರು ಯಾರಾದರೂ ಇದ್ದರೆ, ಹದ ಎಂಬ ಆ ಒಂದು ಮಾತನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ. ಗುಳ್ಳೆ ಎಷ್ಟು ದಪ್ಪವಾಗುತ್ತದೆ, ಸದ್ದು ಹೇಗೆ ಬದಲಾಗುತ್ತದೆ, ನೀರಿಗೆ ಬಿಟ್ಟ ಪಾಕ ಬೆರಳಿಗೆ ಅಂಟುತ್ತದೆಯೋ ಜಾರುತ್ತದೆಯೋ, ಉಂಡೆ ಕಟ್ಟಿದರೆ ಯಾವುದರಷ್ಟು ಮೆತ್ತಗಿರುತ್ತದೆ. ನಿಮಗೆ ಹೇಳಲು ಬಾರದಿದ್ದರೆ ಬಲ್ಲವರ ಪಕ್ಕದಲ್ಲಿ ಕೂತು ಅವರ ಬೆರಳನ್ನು ನೋಡಿ. ಜವರಯ್ಯನವರು ಮುಂದಿನ ಸಂಕ್ರಾಂತಿಗೂ ಒಂದು ಕೊಪ್ಪರಿಗೆ ಹಾಲು ಕೊಡುತ್ತಾರಂತೆ, ಆದರೆ ಅಜ್ಜಿ ಸುಣ್ಣದ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಒಳಗೆ ಹೋಗಬೇಕಂತೆ. ಅಜ್ಜಿ ಈಗ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ.

ನೀವು ಇವತ್ತು ಬರೆದರೂ, ಹತ್ತು ವರ್ಷ ಬಿಟ್ಟು ಬರೆದರೂ ನಮ್ಮ ಪಾಲಿಗೆ ಅದು ಎಂದೋ ಬರೆದಿಟ್ಟದ್ದೇ ಆಗಿರುತ್ತದೆ. ಇಷ್ಟು ದಿನ ಕಣ್ಣಿಗೆ ಬೀಳದೆ ಯಾವುದೋ ಕಪಾಟಿನಲ್ಲಿ ಇರುತ್ತದೆ, ಅಷ್ಟೆ. ನಾಳೆ ಬೆಳಿಗ್ಗೆ ಪುಸ್ತಕದ ಮನೆಯ ಬಾಗಿಲು ತೆರೆದ ಕೂಡಲೇ ಹೋಗಿ ಇನ್ನೊಂದು ಸಲ ನೋಡುತ್ತೇನೆ.