ಬದುಕಿದ್ದವನ ಬಾಗಿಲಲ್ಲಿ

ಪಾನೊಮೆರಿ, ಕೊರ್ಫು ದ್ವೀಪ
ಮೇ ೧೯, ೧೯೯೪

ಪ್ರೀತಿಯ ಡೋರಾ ಅತ್ತೆಗೆ,

ಕ್ರಿಸ್ತ ಎದ್ದಿದ್ದಾನೆ. ಈಸ್ಟರ್ ಮುಗಿದು ಮೂರು ವಾರವಾಗುತ್ತ ಬಂದರೂ ಈ ಮಾತಿನಿಂದಲೇ ಶುರು ಮಾಡುತ್ತೇನೆ. ಇಲ್ಲದಿದ್ದರೆ ನೀನು ಮುಂದಕ್ಕೆ ಓದುವವಳಲ್ಲ. ಮೆಲ್ಬರ್ನಿನಲ್ಲಿ ಈಗ ಚಳಿ ಹತ್ತಿರ ಬಂದಿರಬೇಕು. ಮಂಡಿಗೆ ಉಣ್ಣೆ ಬಟ್ಟೆ ಸುತ್ತಿಕೋ, ನಾಚಿಕೆ ಪಡಬೇಡ.

ಉತ್ತರ ಬರೆಯದೆ ಇಷ್ಟು ದಿನ ಕಾಯಿಸಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಓದು. ಉಪವಾಸದ ವಾರಗಳಲ್ಲಿ ಹಗಲೆಲ್ಲ ಶಾಲೆಯಲ್ಲಿ ಪಾಠ ಹೇಳುವುದು, ಸಂಜೆಯಾದರೆ ಬ್ಯಾಂಡಿನ ಅಭ್ಯಾಸ. ಇದು ನೆಪ. ನಿಜ ಹೇಳಬೇಕೆಂದರೆ ನಿನ್ನ ಪ್ರಶ್ನೆಗೆ ಉತ್ತರ ನನಗೇ ಗೊತ್ತಿರಲಿಲ್ಲ. ನೀನು ಬರೆದಿದ್ದೆ: "ನನ್ನ ತಮ್ಮ ಮಗಳ ಕೈಕೆಳಗೆ ಊದೋದಿಲ್ಲ ಅಂತ ಬ್ಯಾಂಡು ಬಿಟ್ಟನಂತೆ, ಹೌದಾ? ಹೌದು ಅಂದ್ರೆ ಹೇಳು, ವಿಮಾನ ಹತ್ಕೊಂಡು ಬಂದು ಪೊರಕೆ ತಗೋತೀನಿ." ಆ ಸಾಲನ್ನು ಓದಿ ನಕ್ಕೆ, ಆಮೇಲೆ ಕಾಗದವನ್ನು ಮಡಿಸಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ. ಈಗ ಉತ್ತರ ಸಿಕ್ಕಿದೆ, ಅದಕ್ಕೇ ಕೂತಿದ್ದೇನೆ.

ನಿನ್ನ ಕಾಲದಲ್ಲಿ ಹುಡುಗಿಯರಿಗೆ ಬ್ಯಾಂಡಿನಲ್ಲಿದ್ದ ಕೆಲಸ ಒಂದೇ, ಗಂಡಸರ ಹಿತ್ತಾಳೆ ಶಿರಸ್ತ್ರಾಣಗಳಿಗೆ ನಿಂಬೆಹಣ್ಣು ಹಾಕಿ ಉಜ್ಜುವುದು. ಊದಿದರೆ ತುಟಿ ಸೊಟ್ಟಗಾಗುತ್ತದೆ, ಗಂಡು ಸಿಗುವುದಿಲ್ಲ ಎಂದು ತಾತ ನಿನ್ನ ಕೈಯಿಂದ ಕ್ಲಾರಿನೆಟ್ ಕಿತ್ತುಕೊಂಡನಂತೆ. ಅಪ್ಪ ಈ ಕಥೆ ಹೇಳಿದಾಗಲೆಲ್ಲ "ನಮ್ಮಕ್ಕ ನನಗಿಂತ ಚೆನ್ನಾಗಿ ಊದ್ತಿದ್ಲು ಕಣೇ" ಎಂದು ಸೇರಿಸುತ್ತಿದ್ದ. ನನ್ನ ಕೈಹಿಡಿದು ಅಭ್ಯಾಸದ ಕೋಣೆಗೆ ಕರೆದುಕೊಂಡು ಹೋದವನೂ ಅವನೇ. "ಹೆಣ್ಣು ಹುಡುಗಿಗೆ ಇಲ್ಲೇನು ಕೆಲಸ, ಸ್ಟಮಾತಿಸ್?" ಎಂದು ಯಾರೋ ಕೇಳಿದಾಗ "ನಿಮ್ಮ ಗಂಡುಹುಡುಗರಿಗೆ ತಾಳ ಕಲಿಸೋಕೆ" ಅಂದಿದ್ದ. ನನಗೆ ಸ್ವರಗಳನ್ನು ಕಲಿಸಿದ್ದು ಅಡುಗೆಮನೆಯ ಮೇಜಿನ ಮೇಲೆ ಬೆರಳು ಬಡಿದು. ಅಮ್ಮ ಬದನೆಕಾಯಿ ಹೆಚ್ಚುತ್ತಾ "ಮೇಜು ಮುರೀತದೆ" ಎಂದು ಕೂಗುತ್ತಿದ್ದಳು.

ಇಂಥ ಅಪ್ಪ ಹೋದ ಸೆಪ್ಟೆಂಬರಿನಲ್ಲಿ ಮಾಡಿದ್ದೇನು ಗೊತ್ತೇ? ಬ್ಯಾಂಡು ನಡೆಸುತ್ತಿದ್ದ ಮುದುಕ ಮಾಯೆಸ್ಟ್ರೊ ನಿಯೋನಿಯೋಸ್ ಬೆನ್ನು ನೋವೆಂದು ತಾಳದ ಕೋಲು ಕೆಳಗಿಟ್ಟರು. ಮುಂದಿನ ಮಾಯೆಸ್ಟ್ರೊ ಯಾರೆಂದು ಸಂಘದ ಸಮಿತಿ ಕೂತು ಜಗಳವಾಡಿ, ಕೊನೆಗೆ ಒಂದು ಮತದ ಅಂತರದಲ್ಲಿ ನನ್ನ ಹೆಸರು ಬಂತು. ನಮ್ಮ ಸುತ್ತಿನ ಯಾವ ಹಳ್ಳಿಯಲ್ಲೂ ಹೆಂಗಸು ಬ್ಯಾಂಡಿನ ಮುಂದೆ ನಡೆದದ್ದಿಲ್ಲ. ಸುದ್ದಿ ಕೇಳಿ ಮನೆಗೆ ಓಡಿದೆ. ಅಪ್ಪ ನನ್ನ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟ. ಅದೇ ವಾರ ತನ್ನ ಬೊಂಬಾರ್ಡಿನೊವನ್ನು, ಹುಡುಗನಾಗಿದ್ದಾಗಿನಿಂದ ಎದೆಗಪ್ಪಿ ಊದಿದ ಆ ದಪ್ಪ ಹಿತ್ತಾಳೆ ವಾದ್ಯವನ್ನು, ಒರೆಸಿ ಸಂಘದ ಕೋಣೆಯಲ್ಲಿಟ್ಟು, ಶಿರಸ್ತ್ರಾಣವನ್ನು ಪಕ್ಕದಲ್ಲಿಟ್ಟು, "ಸಾಕು" ಎಂದು ಬಂದುಬಿಟ್ಟ. ಯಾಕೆಂದು ಹೇಳಲಿಲ್ಲ.

ಊರಿಗೆ ಯಾಕೆಂದು ಹೇಳಬೇಕೇ? ಕಾಫಿ ಅಂಗಡಿಯಲ್ಲಿ ಅವರವರೇ ಹೇಳಿಕೊಂಡರು. "ಸ್ಟಮಾತಿಸ್, ಮನೇಲಿ ಹೆಂಡತಿ ಕೋಲು, ಇಲ್ಲಿ ಮಗಳ ಕೋಲು, ಎಷ್ಟೂಂತ ತಡ್ಕೋತೀಯ" ಎಂದು ಕೆಣಕಿದರು. ಅಪ್ಪ ನಗುತ್ತಾ ದಾಳ ಉರುಳಿಸಿದನಂತೆ, ಇಲ್ಲವೆಂದು ಹೇಳಲಿಲ್ಲವಂತೆ. ಈ ಮಾತು ನನ್ನ ಕಿವಿಗೆ ಬಿದ್ದ ದಿನ ಎಷ್ಟು ಅತ್ತೆನೋ, ಅತ್ತೆ. ಊರೆಲ್ಲ ಬೇಡ ಎಂದಿದ್ದರೂ ಸಹಿಸಿಕೊಳ್ಳುತ್ತಿದ್ದೆ.

ಚಳಿಗಾಲ ಹೀಗೇ ಕಳೆಯಿತು. ಬ್ಯಾಂಡಿನವರು ಮೊದಮೊದಲು ನನ್ನನ್ನು "ಹುಡುಗಿ" ಅನ್ನುತ್ತಿದ್ದರು, ಆಮೇಲೆ "ಟೀಚರಮ್ಮ" ಅಂದರು. ಕ್ಲಾರಿನೆಟ್ಟಿನ ಲೆಫ್ತೇರಿಸ್‌ನ ಬಾಯಿ ನಿನಗೆ ಗೊತ್ತಲ್ಲ. ತಪ್ಪು ಮಾಡಿದಾಗಲೆಲ್ಲ "ಟೀಚರಮ್ಮ, ಬೆಂಚಿನ ಮೇಲೆ ನಿಂತ್ಕೊಳ್ಳಲಾ?" ಎಂದು ಕೇಳುತ್ತಿದ್ದ. ಒಂದು ಸಂಜೆ ನಿಜವಾಗಿಯೂ ನಿಲ್ಲಿಸಿದೆ. ಅರವತ್ತು ದಾಟಿದ ಮನುಷ್ಯ ಬೆಂಚು ಹತ್ತಿ ಆ ತುಂಡನ್ನು ತಪ್ಪಿಲ್ಲದೆ ಊದಿ ಇಳಿದ. ಅಂದಿನಿಂದ ಎಲ್ಲರಿಗೂ ನಾನು ಮಾಯೆಸ್ಟ್ರೊ.

ಅಪ್ಪನ ಬಾಯಲ್ಲಿ ಮಾತ್ರ ಆ ಪದ ಬರಲಿಲ್ಲ. ಭಾನುವಾರದ ಊಟಕ್ಕೆ ಹೋದಾಗ ನಾನೇ ಮಾತೆತ್ತಿದೆ. "ಅಪ್ಪಾ, ನಿನ್ನ ಕುರ್ಚಿ ಖಾಲಿ ಇಟ್ಟಿದ್ದೀನಿ. ಯಾರಿಗೂ ಕೊಟ್ಟಿಲ್ಲ. ಬಾ." ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ. ರೊಟ್ಟಿಯಿಂದ ತಟ್ಟೆ ಒರೆಸುತ್ತಾ "ಈ ಸಲ ಎಣ್ಣೆ ಚೆನ್ನಾಗಿ ಬಂದಿದೆ, ಮನೆಗೆ ಒಂದು ಡಬ್ಬ ತಗೊಂಡು ಹೋಗು" ಅಂದ. ನಾನು ಕೈತೊಳೆದು ಎದ್ದು ಬಂದೆ. ಅಮ್ಮ ಬಾಗಿಲವರೆಗೆ ಬಂದು ಏನೋ ಹೇಳಹೊರಟವಳು ಹೇಳದೆ ನನ್ನ ಕೊರಳಪಟ್ಟಿ ಸರಿಮಾಡಿ ಒಳಗೆ ಹೋದಳು.

ಈಗ ಶುಭ ಶುಕ್ರವಾರದ ಸಂಗತಿ. ನಿನಗೆ ಇಷ್ಟರಲ್ಲಿ ಯಾರೋ ಫೋನು ಮಾಡಿ ಹೇಳಿರುತ್ತಾರೆ, ಆದರೂ ನನ್ನ ಬಾಯಿಂದ ಕೇಳು.

ನಮ್ಮ ಬ್ಯಾಂಡಿನ ವಾಡಿಕೆ ನೀನು ಮರೆತಿರಲಾರೆ. ಕ್ರಿಸ್ತನ ಶವಯಾತ್ರೆಯ ಹೂವಿನ ಮಂಟಪದ ಮುಂದೆ ಶೋಕದ ನಡಿಗೆಯ ರಾಗ ನುಡಿಸುತ್ತಾ ಊರು ಸುತ್ತುವಾಗ ನಾವು ಎಲ್ಲೂ ನಿಲ್ಲುವುದಿಲ್ಲ. ನಿಲ್ಲುವುದು ಆ ವರ್ಷ ತೀರಿಕೊಂಡ ವಾದ್ಯಗಾರನ ಬಾಗಿಲಲ್ಲಿ ಮಾತ್ರ. ಅಲ್ಲಿ ಮಾಯೆಸ್ಟ್ರೊ ಕೈಯೆತ್ತಬೇಕು, ಬ್ಯಾಂಡು ನಿಂತು ಒಂದು ಚರಣ ನುಡಿಸಬೇಕು, ಮನೆಯವರು ಮೇಣದಬತ್ತಿ ಹಿಡಿದು ಹೊರಗೆ ಬಂದು ಮಾಯೆಸ್ಟ್ರೊಗೆ ಆ ಹಳೆಯ ಮಾತು ಹೇಳಬೇಕು. ಈ ವರ್ಷ ತಾಳದ ಪೆಟ್ರಾಕಿಸ್ ಹೋಗಿದ್ದ. ಅವನ ಬಾಗಿಲಲ್ಲಿ ನಿಂತೆವು, ನುಡಿಸಿದೆವು, ಅವನ ಹೆಂಡತಿ ಹೇಳಬೇಕಾದ್ದನ್ನು ಹೇಳಿದಳು. ಎಲ್ಲವೂ ಸರಿಯಾಗಿ ನಡೆಯಿತು.

ಅಲ್ಲಿಂದ ಮೇಲಿನ ಓಣಿಗೆ ತಿರುಗಿದರೆ ನಮ್ಮ ಮನೆ. ಮುಸ್ಸಂಜೆ. ಪ್ರತಿ ಕಿಟಕಿಯಲ್ಲೂ ದೀಪ, ಧೂಪದ ಹೊಗೆ. ಅಪ್ಪನ ಕಿಟಕಿ ಮುಚ್ಚಿತ್ತು. ಒಂದು ಬತ್ತಿಯಿಲ್ಲ. ಅಮ್ಮ ಬೇರೆ ಹೆಂಗಸರೊಡನೆ ಮೆರವಣಿಗೆಯ ಹಿಂದೆ ಬರುತ್ತಿದ್ದಳು, ಒಳಗೆ ಅವನೊಬ್ಬನೇ. ಮಗಳು ಮೊದಲ ಸಲ ಬ್ಯಾಂಡಿನ ಮುಂದೆ ನಡೆಯುತ್ತಿದ್ದಾಳೆ, ಅವನು ಬಾಗಿಲು ಹಾಕಿಕೊಂಡು ಕೂತಿದ್ದಾನೆ. ನನಗೆ ಏನಾಯಿತೋ ಗೊತ್ತಿಲ್ಲ, ಅತ್ತೆ. ಇವತ್ತು ಅವನು ನೋಡಲೇಬೇಕು, ನೋಡದೆ ಮುಂದೆ ಹೋಗಲಾರೆ ಅನ್ನಿಸಿತು. ನನ್ನ ಕೈ ಮೇಲೆದ್ದಿತು.

ಬ್ಯಾಂಡು ನಿಂತಿತು. ಕೈಯೆತ್ತಿದರೆ ನಿಲ್ಲಬೇಕೆಂದು ಚಳಿಗಾಲವಿಡೀ ಕಲಿಸಿದವಳು ನಾನೇ ತಾನೇ. ಹಿಂದೆ ಮಂಟಪ ಹೊತ್ತವರು ನಿಂತರು, ಪಾದ್ರಿ ನಿಂತರು. ಮುದುಕಿಯರು ಶಿಲುಬೆಯ ಗುರುತು ಮಾಡಿಕೊಂಡು "ಅಯ್ಯೋ ದೇವರೇ, ಸ್ಟಮಾತಿಸ್ ಯಾವಾಗ ಹೋದ?" ಎಂದು ಗುಸುಗುಟ್ಟುವುದು ಕೇಳಿಸಿತು. ಲೆಫ್ತೇರಿಸ್ ಪಕ್ಕಕ್ಕೆ ಬಾಗಿ "ಮಾಯೆಸ್ಟ್ರೊ, ಅವನು ಬದುಕಿದ್ದಾನೆ. ಬೆಳಿಗ್ಗೆ ನನ್ನ ಹತ್ರ ಸಿಗರೇಟು ಇಸ್ಕೊಂಡ" ಅಂದ. ಆಗ ನನಗೆ ನಾನು ಮಾಡಿದ್ದೇನೆಂದು ಹೊಳೆಯಿತು. ಬದುಕಿರುವ ಅಪ್ಪನ ಬಾಗಿಲಲ್ಲಿ ಸತ್ತವರ ನಿಲುಗಡೆ. ನುಡಿಸದೆ ಮುಂದೆ ಹೋದರೆ ಅದು ಇನ್ನೂ ಕೆಟ್ಟ ಶಕುನವೆಂದು ಎಲ್ಲರೂ ನಂಬುತ್ತಾರೆ. ಎತ್ತಿದ ಕೈಯಿಂದಲೇ ಚರಣ ಶುರು ಮಾಡಿಸಿದೆ.

ಅರ್ಧಕ್ಕೆ ಬಂದಿರಬಹುದು, ಬಾಗಿಲು ತೆರೆಯಿತು. ಅಪ್ಪ ಕತ್ತಲೆ ಕೋಣೆಯಲ್ಲಿ ಕಿಟಕಿಯ ಸಂದಿಯಿಂದ ನೋಡುತ್ತಾ ನಿಂತಿದ್ದನಂತೆ. ಬಿಳಿ ಅಂಗಿ, ಬ್ಯಾಂಡಿನ ನೀಲಿ ಪ್ಯಾಂಟು, ಕಾಲಿಗೆ ಮನೆಯ ಚಪ್ಪಲಿ. ಕೈಯಲ್ಲಿ ಹಚ್ಚದ ಮೇಣದಬತ್ತಿ. ನಮ್ಮನ್ನೆಲ್ಲ ಒಂದು ಸುತ್ತು ನೋಡಿ "ಏನ್ರೋ, ಉಸಿರಾಡ್ತಿರೋವಾಗ್ಲೇ ಹೂಳ್ತೀರಾ?" ಅಂದ.

ಶುಭ ಶುಕ್ರವಾರ ಯಾರೂ ನಗಬಾರದು. ಇಡೀ ಓಣಿ ನಕ್ಕಿತು. ಪಾದ್ರಿ ಗಡ್ಡದೊಳಗೆ ಕೆಮ್ಮಿದ ಹಾಗೆ ಮಾಡಿದರು. ನಾನು ಮಾತ್ರ ನಗಲಾರದೆ, ಅಳಲಾರದೆ, ಕೈಯಾಡಿಸುತ್ತಾ ಚರಣ ಮುಗಿಸಿದೆ. ನಾನು ಕೈ ಇಳಿಸಿದ ಮೇಲೆ ಅಪ್ಪ ಪಕ್ಕದಲ್ಲಿದ್ದ ಮುದುಕಿಯ ಬತ್ತಿಯಿಂದ ತನ್ನ ಬತ್ತಿ ಹಚ್ಚಿಕೊಂಡು ನನ್ನ ಎದುರಿಗೆ ಬಂದು ನಿಂತ. ನಗು ಹೋಗಿತ್ತು. ಮನೆಯವರು ಹೇಳಬೇಕಾದ ಮಾತನ್ನು, ಒಂದಕ್ಷರ ಬಿಡದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಮಾಯೆಸ್ಟ್ರೊ, ನಮ್ಮವನನ್ನು ನೆನೆದಿರಿ. ದೇವರು ನಿಮ್ಮನ್ನು ನೆನೆಯಲಿ." ಆಮೇಲೆ ಮೆಲ್ಲಗೆ, "ಆದ್ರೆ ನಿಮ್ಮವನು ಇನ್ನೂ ಊಟ ಮಾಡಿಲ್ಲ" ಅಂದ.

ಅತ್ತೆ, ಆ ಪದಕ್ಕಾಗಿ ಸೆಪ್ಟೆಂಬರಿನಿಂದ ಕಾದಿದ್ದೆ. ಕಣ್ಣೀರಿನಲ್ಲಿ ದಾರಿ ಕಾಣಿಸುತ್ತಿರಲಿಲ್ಲ. ಶಿರಸ್ತ್ರಾಣ ಹಣೆಗೆ ಜಾರಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅಪ್ಪ ಚಪ್ಪಲಿಯಲ್ಲೇ ನಮ್ಮ ಜೊತೆ ಚರ್ಚಿನವರೆಗೂ ನಡೆದ, ನನಗಿಂತ ಒಂದು ಹೆಜ್ಜೆ ಪಕ್ಕಕ್ಕೆ, ಕಣ್ಣು ನನ್ನ ಕೈಮೇಲೆ.

ಈಸ್ಟರ್ ಭಾನುವಾರ ಕುರಿ ಸುಡುವಾಗ ಮತ್ತೆ ಕೇಳಿದೆ, "ಈಗಲಾದ್ರೂ ಬರ್ತೀಯಾ ಊದೋಕೆ?" ಅವನ ಎದುರಿಗೆ ನಿಂತು ಕೇಳಿದ್ದೆ. "ಸತ್ತವರು ಊದಲ್ಲ ಕಣೇ. ಇಡೀ ಊರಿನೆದುರು ನೀನೇ ತೀರ್ಮಾನ ಮಾಡಿದ್ದೀಯಲ್ಲ" ಎಂದು ಕಣ್ಣು ಹೊಡೆದ. ಹೋಗಲಿ ಬಿಡು ಅನ್ನಿಸಿತು. ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ನಿನ್ನ ತಮ್ಮ ಅಂಥವನಲ್ಲ. ಪೊರಕೆ ಅಲ್ಲೇ ಇರಲಿ, ನೀನು ಮಾತ್ರ ಬಾ. ನಿಂಬೆಹಣ್ಣು ಹಾಕಿ ಉಜ್ಜಿದ ಶಿರಸ್ತ್ರಾಣವನ್ನು ಈ ಸಲ ನಿನ್ನ ತಲೆಯ ಮೇಲಿಟ್ಟು ಫೋಟೋ ತೆಗೆಸುತ್ತೇನೆ. ಕಳೆದ ವಾರ ಇಬ್ಬರು ಹುಡುಗಿಯರು ಕ್ಲಾರಿನೆಟ್ ಕಲಿಯಲು ಸೇರಿದ್ದಾರೆ. ಒಬ್ಬಳ ತುಟಿ ಆಗಲೇ ಸೊಟ್ಟಗಿದೆ, ಅದು ಹುಟ್ಟಿನಿಂದಲೇ ಎಂದು ಅವಳ ಅಜ್ಜಿಯೇ ಎಲ್ಲರಿಗೂ ಹೇಳಿಕೊಂಡು ಬಂದಳು.

ಮಾವನಿಗೂ ಮಕ್ಕಳಿಗೂ ನಮ್ಮೆಲ್ಲರ ಪ್ರೀತಿ. ದೇವಮಾತೆ ನಿನ್ನನ್ನು ಕಾಯಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ
ವಾಂಥಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಲಕೋಟೆಗೆ ಹಾಕುವ ಮುಂಚೆ ಬರೆದುಬಿಡುತ್ತೇನೆ. ಈಸ್ಟರಿನ ಮಾರನೆಯ ವಾರ ಅಪ್ಪ ಶುಕ್ರವಾರದ ನುಡಿಸಾಣಿಕೆಯನ್ನು ಹೊಗಳಿದ. "ನಡುವಿನ ತುಂಡನ್ನ ಎಳೀಲಿಲ್ಲ ನೀನು, ಚೆನ್ನಾಗಿತ್ತು." ನಾನು ಹಿಗ್ಗಿ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಬಟಾಣಿ ಬಿಡಿಸುತ್ತಿದ್ದ ಅಮ್ಮ ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡಳು. ಹೋದ ಬೇಸಿಗೆಯಲ್ಲೇ ಅವನ ಕಿವಿ ಪೂರ್ತಿ ಹೋಗಿದೆಯಂತೆ. ಎದುರಿಗಿದ್ದರೆ ತುಟಿ ನೋಡಿ ಮಾತಾಡುತ್ತಾನೆ, ಪಕ್ಕಕ್ಕೆ ತಿರುಗಿದರೆ ಏನೂ ಇಲ್ಲ. ಬ್ಯಾಂಡು ಬಿಟ್ಟ ದಿನ ಅಮ್ಮನಿಗೆ ಅಂದನಂತೆ: "ಅವಳು ಮಾಯೆಸ್ಟ್ರೊ ಆದ್ಮೇಲೆ ಮೊದಲು ತೆಗೆದು ಹಾಕಬೇಕಾಗಿರೋನು ನಾನೇ. ಆ ಕೆಲಸ ಅವಳ ಕೈಲಿ ಮಾಡಿಸಬಾರದು. ಊರಿನೋರು ಹಠಮಾರಿ ಅಂದ್ಕೊಳ್ಳಲಿ, ಅವಳೂ ಹಾಗೇ ಅಂದ್ಕೊಳ್ಳಲಿ." ಅಮ್ಮನಿಂದ ಆಣೆ ಹಾಕಿಸಿಕೊಂಡಿದ್ದನಂತೆ.

ನಾನು ಏನೂ ಗೊತ್ತಿಲ್ಲದವಳ ಹಾಗೆ ಇದ್ದೇನೆ. ನೀನೂ ಹಾಗೇ ಇರು, ನನ್ನಾಣೆ. ಭಾನುವಾರ ಊಟವಾದ ಮೇಲೆ "ಅಪ್ಪಾ, ಈ ಜಾಗದಲ್ಲಿ ನನ್ನ ಕೈ ಸರಿಯಾಗಿ ಹೋಗ್ತಿದೆಯಾ ನೋಡು" ಎಂದು ಎದುರಿಗೆ ನಿಲ್ಲುತ್ತೇನೆ. ಬ್ಯಾಂಡಿಲ್ಲ, ಸದ್ದಿಲ್ಲ, ಬರೀ ಕೈಯಾಡಿಸುತ್ತಾ ಇಡೀ ನಡಿಗೆಯನ್ನು ಮೊದಲಿನಿಂದ ಕೊನೆಯವರೆಗೂ ನುಡಿಸುತ್ತೇನೆ. ಅವನು ಕಣ್ಣು ಕೀಳದೆ ನೋಡುತ್ತಾನೆ. ನಾನು ನಡೆಸಿದ ಬ್ಯಾಂಡಿನ ಒಂದು ಸ್ವರವನ್ನೂ ನನ್ನ ಅಪ್ಪ ಕೇಳಿಲ್ಲ, ಅತ್ತೆ, ಇನ್ನು ಕೇಳುವುದೂ ಇಲ್ಲ. ಹೋದ ಭಾನುವಾರ ಮುಗಿದ ಮೇಲೆ "ಎಡಗೈ ಸ್ವಲ್ಪ ಆತುರ ಮಾಡ್ತದೆ, ಇನ್ನೊಂದ್ಸಲ ಮಾಡು" ಅಂದ. ಇನ್ನೊಂದು ಸಲ ಮಾಡಿದೆ.