ಎರಡು ತಿಂಗಳ ಲೈಸೆನ್ಸು

ಜನವರಿ 6, ಸೋಮವಾರ

ಇವತ್ತು ಎರಡು ಸರ್ವೆ. ಬೆಳಿಗ್ಗೆಯದು ಅಂಬತ್ತೂರಿನ ವರ್ಕ್‌ಶಾಪಿನಲ್ಲಿ. ಕಾರಿನ ಮುಂಭಾಗ ಪೂರ್ತಿ ಒಳಗೆ ಹೋಗಿದೆ, ಎಂಜಿನ್ನು ಡ್ಯಾಶ್‌ಬೋರ್ಡಿನ ತನಕ ಬಂದು ಕೂತಿದೆ. ಓಡಿಸಿದವನಿಗೆ ಇಪ್ಪತ್ತು. ಬದುಕಿದ್ದಾನೆ. ಫೋಟೊ ತೆಗೆದೆ, 'ಟೋಟಲ್ ಲಾಸ್' ಎಂದು ಬರೆದೆ, ಎದುರಿನ ಅಂಗಡಿಯಲ್ಲಿ ಕಾಫಿ ಕುಡಿದೆ. ಇನ್ಶೂರೆನ್ಸ್ ಕಂಪನಿಗಳಿಗಾಗಿ ಇಪ್ಪತ್ತಾರು ವರ್ಷದಿಂದ ಜಜ್ಜಿಹೋದ ಕಾರು ನೋಡುವುದೇ ಕೆಲಸ. ಈಗೀಗ ಏನೂ ಅನ್ನಿಸುವುದಿಲ್ಲ.

ಸಂಜೆ ಪೆರಂಬೂರಿಗೆ ಬಂದರೆ ನಮ್ಮ ಫ್ಲ್ಯಾಟಿನ ಕೆಳಗೆ ಹೊಸ ಕಾರು. ಕಪ್ಪು. ಬಾನೆಟ್ಟಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಕೀ ಹಿಡಿದು ಮಧುಸೂದನ್ ನಿಂತಿದ್ದ. ನನ್ನ ಹೆಂಡತಿ ಶಾಲಿನಿಯ ತಮ್ಮ. ಸ್ವಂತ ಫ್ಯಾಕ್ಟರಿ ಇದೆ, ಮಕ್ಕಳಿಲ್ಲ, ಅಕ್ಕನ ಮಗಳೆಂದರೆ ಪ್ರಾಣ. ನಿಖಿತಾಳ ಹತ್ತೊಂಬತ್ತನೇ ಹುಟ್ಟುಹಬ್ಬಕ್ಕೆ ಇದು ಅವನ ಉಡುಗೊರೆ. ಇನ್ನೂರು ಚಿಲ್ಲರೆ ಹಾರ್ಸ್‌ಪವರ್. ಅವಳ ಲೈಸೆನ್ಸಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ.

"ಬೇಡ ಮಧು. ಇವಳ ಕೈಗೆ ಇಷ್ಟು ದೊಡ್ಡ ಎಂಜಿನ್ ಬೇಡ" ಎಂದೆ.

"ಭಾವ, ನಿಮ್ಮ ಹಳೇ ಡಬ್ಬದಲ್ಲಿ ಕಲಿಸಿದ್ರಲ್ಲ, ಅದಕ್ಕೆ ನೆಟ್ಟಗೆ ಬ್ರೇಕೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಇದರಲ್ಲಿ ಆರಿವೆ. ಯಾವುದು ಸೇಫು ಹೇಳಿ."

"ಏರ್‌ಬ್ಯಾಗ್ ಒಳಗಿರೋರಿಗೆ ಕಣಪ್ಪಾ. ರಸ್ತೇಲಿರೋರಿಗಲ್ಲ."

"ಆಸೆಯಿಂದ ತಂದಿದಾನೆ ರೀ. ಗೇಟಲ್ಲೇ ನಿಲ್ಲಿಸ್ಕೊಂಡು ವಾದ ಮಾಡ್ತೀರಲ್ಲ" ಎಂದಳು ಶಾಲಿನಿ.

ನಿಖಿತಾ ಜಗಳ ಆಡಲಿಲ್ಲ. ಎಂದಿನಂತೆ ಅರ್ಧ ಕನ್ನಡ, ಅರ್ಧ ತಮಿಳು. "ನನ್ ಕ್ಲಾಸ್ ಪಸಂಗ ಎಲ್ಲಾ ಓಡಿಸ್ತಾರೆ. ಅವರಪ್ಪಂದಿರು ಯಾರೂ ಇದನ್ನ ಕೇಳಲ್ಲ. ನಾನ್ ಪೊಣ್ಣು, ಅದಾನೇಪ್ಪಾ?" ಕ್ಲಾಸಿನ ಹುಡುಗರೆಲ್ಲ ಓಡಿಸುತ್ತಾರೆ, ನಾನು ಹುಡುಗಿ, ಅದಕ್ಕೇ ತಾನೇ ಬೇಡ ಅನ್ನುವುದು — ಅಂತ.

ಅದಕ್ಕಲ್ಲ. ಹಾಗಂತ ಹೇಳಬಹುದಿತ್ತು. ಅವಳ ಕಣ್ಣು ತುಂಬಿತ್ತು, ಸೋತೆ. ಒಂದು ಷರತ್ತು ಹಾಕಿದೆ. ಆರು ತಿಂಗಳು ನಾನಿಲ್ಲದೆ ಈ ಕಾರು ಗೇಟು ದಾಟಬಾರದು. "ಪ್ರಾಮಿಸ್‌ಪ್ಪಾ" ಎಂದಳು.

ಜನವರಿ 12, ಭಾನುವಾರ

ಬೆಳಿಗ್ಗೆ ಆರಕ್ಕೆ ಅವಳ ಜೊತೆ ಎಣ್ಣೂರು ರಸ್ತೆಗೆ ಹೋಗಿದ್ದೆ. ಭಾನುವಾರ ಕಂಟೇನರ್ ಲಾರಿ ಕಮ್ಮಿ. ಚೆನ್ನಾಗಿ ಓಡಿಸುತ್ತಾಳೆ. ಕನ್ನಡಿ ನೋಡುತ್ತಾಳೆ, ಸಿಗ್ನಲ್ ಕೊಡುತ್ತಾಳೆ, ಐವತ್ತು ದಾಟುವುದಿಲ್ಲ. ಹೆಮ್ಮೆಯಾಯಿತು.

ಆಮೇಲೆ ನಡೆದದ್ದನ್ನು ಶಾಲಿನಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ. ಎದುರಿಗೆ ಒಂದು ಮೈಲಿ ರಸ್ತೆ ಖಾಲಿ ಇತ್ತು. "ಒಂದ್ಸಲ ಪೂರ್ತಿ ಒತ್ತು, ನೋಡೋಣ" ಎಂದೆ. ನಾನೇ ಎಂದೆ. ಅವಳು ನನ್ನ ಮುಖ ನೋಡಿದಳು. "ನಿಜವಾಗ್ಲೂನಾ?" ಒತ್ತಿದಳು. ಬೆನ್ನು ಸೀಟಿಗೆ ಅಂಟಿತು. ಬಲಗಡೆ ಸಮುದ್ರ ಒಂದೇ ಗೆರೆಯಾಗಿ ಓಡಿತು. ಅವಳು ನಕ್ಕಳು. ನಾನೂ ನಕ್ಕೆ. ಇಬ್ಬರೂ ಹಾಗೆ ಸೇರಿ ನಕ್ಕು ಏಳೆಂಟು ವರ್ಷವಾಗಿರಬೇಕು.

ಫೆಬ್ರವರಿ 2, ಭಾನುವಾರ. ಮಧ್ಯಾಹ್ನ 2

ಇದನ್ನು ಬರೆಯಬೇಕು. ಯಾರ ಹತ್ತಿರವೂ ಹೇಳುವಂತಿಲ್ಲ.

ಬೆಳಿಗ್ಗೆ 6:10ಕ್ಕೆ ಫೋನು. ನಿಖಿತಾ. ಅವಳು ರೂಮಿನಲ್ಲಿ ಮಲಗಿದ್ದಾಳೆಂದುಕೊಂಡಿದ್ದೆ. "ಅಪ್ಪಾ, ಒಬ್ಬರಿಗೆ ಇಡಿಸ್‌ಬಿಟ್ಟೆ... ಗುದ್‌ಬಿಟ್ಟೆ... ಸೈಕಲ್... ರಾಯಪುರಂ... ಬಾಪ್ಪಾ." ಒಬ್ಬಳೇ ಕೀ ತೆಗೆದುಕೊಂಡು ಹೋಗಿದ್ದಳು.

ಆಟೋ ಹಿಡಿದು ಹೋದೆ. ಹಾರ್ಬರಿನ ಗೋಡೆ ಪಕ್ಕ ಕಾರು ಅಡ್ಡ ನಿಂತಿತ್ತು. ಸೈಕಲ್ಲು ಮೂವತ್ತು ಅಡಿ ದೂರ. ರಸ್ತೆ ಮೇಲೆ ಕೂತಿದ್ದಳು, ತೊಡೆ ಮೇಲೆ ಆ ಮನುಷ್ಯನ ತಲೆ. ಐವತ್ತು ದಾಟಿದವನು, ಖಾಕಿ ಅಂಗಿ. ಕಣ್ಣು ತೆರೆದಿತ್ತು. ತುಟಿ ಅಲ್ಲಾಡುತ್ತಿತ್ತು. ಆಂಬುಲೆನ್ಸಿಗೆ ಆಗಲೇ ಫೋನು ಮಾಡಿದ್ದಳು. ಆಟೋದವನನ್ನು ಬಿಟ್ಟರೆ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಅವನ ತಲೆಯನ್ನು ಅವಳ ತೊಡೆಯಿಂದ ಎತ್ತಿ ನನ್ನ ಕರವಸ್ತ್ರದ ಮೇಲಿಟ್ಟೆ. ಅವಳನ್ನು ಎಳೆದು ಅದೇ ಆಟೋಗೆ ಹತ್ತಿಸಿದೆ. "ಮನೆಗೆ ಹೋಗು. ಯಾರತ್ರಾನೂ ಮಾತಾಡ್ಬೇಡ." ಬರಲ್ಲ ಎಂದಳು. ತಳ್ಳಿದೆ.

ಆಮೇಲೆ ಡ್ರೈವರ್ ಸೀಟನ್ನು ಹಿಂದಕ್ಕೆ ಸರಿಸಿದೆ. ಅವಳು ಕುಳ್ಳಿ, ಮುಂದಕ್ಕೆ ಎಳೆದು ಕೂರುತ್ತಾಳೆ. ಕನ್ನಡಿಯನ್ನು ನನ್ನ ಎತ್ತರಕ್ಕೆ ತಿರುಗಿಸಿದೆ. ನನ್ನಂಥ ಸರ್ವೇಯರ್ ಬಂದರೆ ಮೊದಲು ನೋಡುವುದು ಅದನ್ನೇ.

ಆಂಬುಲೆನ್ಸ್ ಅವನನ್ನು ಸಾಗಿಸಿದ ಮೇಲೆ ಪೊಲೀಸರು ಬಂದು ಯಾರು ಓಡಿಸಿದ್ದು ಎಂದು ಕೇಳಿದರು. "ನಾನು" ಎಂದೆ.

ಫೆಬ್ರವರಿ 3

ಸ್ಟೇಷನ್‌ನಲ್ಲಿ ಹೇಳಿಕೆ ಕೊಟ್ಟೆ. ನನ್ನ ಹೆಸರು ಗುರುಚರಣ, ವಯಸ್ಸು ಐವತ್ತೆರಡು. ಸೈಕಲ್ ದಿಢೀರನೆ ಅಡ್ಡ ಬಂತು. ವೇಗ ಐವತ್ತರ ಒಳಗೆ. ಸಹಿ. ಸ್ಟೇಷನ್ ಜಾಮೀನು ಕೊಟ್ಟು ಕಳಿಸಿದರು.

ಇಂಥ ಹೇಳಿಕೆಗಳನ್ನು ಸಾವಿರ ಓದಿದ್ದೇನೆ. ಪ್ರತಿಯೊಂದರಲ್ಲೂ ಸೈಕಲ್ ದಿಢೀರನೆ ಅಡ್ಡ ಬಂದಿರುತ್ತದೆ.

ಸೈಕಲ್ಲಿನವನ ಹೆಸರು ಸಗಾಯಂ. ಹಾರ್ಬರಿನಲ್ಲಿ ಲೋಡಿಂಗ್ ಕೆಲಸ. ರಾತ್ರಿ ಶಿಫ್ಟ್ ಮುಗಿಸಿ ಮನೆಗೆ ಹೊರಟಿದ್ದ. ಬಲಗಾಲು ಮಂಡಿಯ ಮೇಲಿನಿಂದ ತೆಗೆದಿದ್ದಾರೆ.

ಮಧುಸೂದನ್ ಬಂದಿದ್ದ. "ಸರಿಯಾದ ಕೆಲ್ಸ ಮಾಡಿದ್ರಿ ಭಾವ. ನಿಮ್ದು ಮೂವತ್ತು ವರ್ಷದ ಲೈಸೆನ್ಸು. ಮಗೂ ಭವಿಷ್ಯ ಹಾಳಾಗೋದು ಬೇಡ" ಎಂದ. ಅತ್ತ. ಅವನನ್ನು ಬಯ್ಯಲು ಬಾಯಿ ಬರಲಿಲ್ಲ. ಕಾರು ತಂದವನು ಅವನು. ಒತ್ತು ಎಂದವನು?

ಆಂಬುಲೆನ್ಸ್ ಕರೆ ಹೋಗಿದ್ದು ಅವಳ ಫೋನಿನಿಂದ. ಕಾರಿನ ಏರ್‌ಬ್ಯಾಗ್ ಪೆಟ್ಟಿಗೆಯಲ್ಲಿ ವೇಗ ದಾಖಲಾಗಿರುತ್ತದೆ. ಯಾರಾದರೂ ತೆಗೆದು ನೋಡಿದರೆ...

ಫೆಬ್ರವರಿ 6, ಗುರುವಾರ

ಆಸ್ಪತ್ರೆಗೆ ಹೋಗದೆ ಇರಲಾಗಲಿಲ್ಲ. ಐಸಿಯು ಹೊರಗೆ ಅವನ ಹೆಂಡತಿ ನೆಲದ ಮೇಲೆ ಕೂತಿದ್ದರು. ಲೂರ್ದು ಮೇರಿ. ನಾನು ಯಾರೆಂದು ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಎದ್ದು ನಿಂತು ಕೇಳಿದರು.

"ಅಂದ ಪೊಣ್ಣು ಎಂಗೇ ಸಾರ್?"

ಆ ಹುಡುಗಿ ಎಲ್ಲಿ? ನೆನ್ನೆ ಗಂಡನಿಗೆ ಪ್ರಜ್ಞೆ ಬಂದಿದೆಯಂತೆ. ಒಂದು ಹುಡುಗಿ ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು, ಅಳುತ್ತಿದ್ದಳು, ಅವಳನ್ನು ಕರೆಸಿ, ನೋಡಬೇಕು ಎಂದು ಅವನು ಒಂದೇ ಸಮ ಹೇಳುತ್ತಿದ್ದಾನಂತೆ.

ನಾನು ಏನು ಹೇಳಿದೆ? "ಹುಡುಗಿ ಯಾರೂ ಇರಲಿಲ್ಲಮ್ಮಾ. ನಾನೊಬ್ಬನೇ ಇದ್ದೆ."

ಅವರು ತಲೆಯಾಡಿಸಿದರು. ನಂಬಿದರು. ವಾಪಸು ಕೂತರು.

ಫೆಬ್ರವರಿ 7. ಬೆಳಿಗ್ಗೆ

ನಿಖಿತಾ ಐದು ದಿನದಿಂದ ಸರಿಯಾಗಿ ತಿಂದಿಲ್ಲ. ಕಾಲೇಜಿಲ್ಲ. ಶಾಲಿನಿ ತುತ್ತು ಕಲಸಿ ಬಾಯಿಗಿಟ್ಟರೆ ಅಷ್ಟೇ. ಸಗಾಯಂಗೆ ಪ್ರಜ್ಞೆ ಬಂದದ್ದನ್ನು ನೆನ್ನೆ ರಾತ್ರಿ ಹೇಳಿದೆ, ಸಮಾಧಾನ ಆದೀತು ಎಂದು. ನಿನ್ನನ್ನು ಕೇಳುತ್ತಿದ್ದಾನೆ ಎಂಬುದೂ ಬಾಯಿ ತಪ್ಪಿ ಬಂತು. ಎದ್ದು ಚಪ್ಪಲಿ ಹಾಕಿಕೊಂಡಳು. ಬಾಗಿಲಿಗೆ ಅಡ್ಡ ನಿಂತೆ.

"ನಾನ್ ಅಲ್ಲೇ ಇದ್ದೆಪ್ಪಾ. ಓಡಿ ಹೋಗ್ಲಿಲ್ಲ. ನೀನು ಓಡಿಸ್ದೆ."

"ನಿನಗೋಸ್ಕರ ಪುಟ್ಟಾ..."

"ನಾನ್ ತಪ್ಪು ಮಾಡ್ದೆ. ಆಮೇಲೆ ಒಂದೇ ಒಂದು ಸರಿ ಮಾಡಿದ್ದೆ. ಅದನ್ನೂ ಇಲ್ಲ ಅಂತ ಹೇಳ್‌ಬಿಟ್ಟೆ ನೀನು."

ಶಾಲಿನಿ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಹೊರಗೆ ಬಂದು ನನ್ನನ್ನೇ ನೋಡುತ್ತ ನಿಂತಳು. "ಇವಳಿಗೆ ಅಷ್ಟು ಜೋರಾಗಿ ಓಡ್ಸೋ ಧೈರ್ಯ ಎಲ್ಲಿಂದ ಬಂತು ರೀ?" ಎಂದು ಕೇಳಿದಳು. ಜನವರಿ ಹನ್ನೆರಡರ ಬೆಳಿಗ್ಗೆಯದನ್ನು ಹೇಳಿದೆ. ಎಲ್ಲ ಕೇಳಿ ಅಡುಗೆಮನೆಗೆ ಹೋದಳು. ಆಮೇಲೆ ಮಾತಿಲ್ಲ.

ಫೆಬ್ರವರಿ 10, ಸೋಮವಾರ

ಸಗಾಯಂ ಇವತ್ತು ಬೆಳಗಿನ ಜಾವ ತೀರಿಕೊಂಡ. ಸೋಂಕು ರಕ್ತಕ್ಕೆ ಏರಿತ್ತಂತೆ.

ಮಧುಸೂದನ್ ಫೋನು. "ಈಗ ಕೇಸು ಬೇರೆ ಸೆಕ್ಷನ್ ಆಗತ್ತೆ ಭಾವ. ಐದು ವರ್ಷದ ತನಕ ಹೋಗಬಹುದು. ಈಗಂತೂ ಬಾಯಿ ಬಿಡಬೇಡಿ. ಲಾಯರು ಹೇಳಿದಂಗೆ ಇರಿ."

ರಾಯರ ಫೋಟೊ ಮುಂದೆ ನಿಂತೆ. ಏನು ಕೇಳಿಕೊಳ್ಳುವುದು? ಸುಳ್ಳು ನಿಲ್ಲಲಿ ಎಂದು ಕೇಳುವುದೇ? ಹಾಗೇ ಬಂದು ಕೂತೆ.

ಹತ್ತೊಂಬತ್ತು ವರ್ಷ. ಪುಟ್ಟ ಕಾರಾಗಿದ್ದರೆ ಅಷ್ಟು ವೇಗ ಬರುವಷ್ಟರಲ್ಲಿ ರಸ್ತೆ ಮುಗಿಯುತ್ತಿತ್ತು. ಅಷ್ಟೇ ವ್ಯತ್ಯಾಸ. ತಪ್ಪು ಎಲ್ಲರೂ ಮಾಡುತ್ತಾರೆ ಆ ವಯಸ್ಸಿನಲ್ಲಿ. ನಾನೂ ಮಾಡಿದ್ದೆ, ಅಪ್ಪನ ಮೊಪೆಡ್ಡಿನಲ್ಲಿ. ಮಂಡಿ ತರಚಿತ್ತು, ನನ್ನದೇ ಮಂಡಿ.

ಫೆಬ್ರವರಿ 12, ಬುಧವಾರ

ಬೆಳಿಗ್ಗೆ ಏಳಕ್ಕೆ ಎದ್ದರೆ ನಿಖಿತಾ ಮನೆಯಲ್ಲಿಲ್ಲ. ಫೋನು ಮಂಚದ ಮೇಲೆ. ಶಾಲಿನಿ ಟೆರೇಸಿಗೆ ಓಡಿದಳು. ನಾನು ಕೆಳಗಿಳಿದೆ. ರೈಲ್ವೆ ಹಳಿ ನಮ್ಮ ಮನೆಯಿಂದ ಐದು ನಿಮಿಷ. ರೈಲ್ವೆ ಗೇಟಿನ ತನಕ ಓಡಿದೆ, ಹಳಿ ಪಕ್ಕದಲ್ಲೇ ಹುಡುಕಿದೆ, ಹೂ ಮಾರುವವಳನ್ನು ಕೇಳಿದೆ. ಆ ಎರಡು ಗಂಟೆಯನ್ನು ಬರೆಯಲು ನನ್ನಿಂದಾಗುವುದಿಲ್ಲ.

ಒಂಬತ್ತೂಕಾಲಿಗೆ ಗೊತ್ತಿಲ್ಲದ ನಂಬರಿನಿಂದ ಫೋನು. ಲೂರ್ದು ಮೇರಿ. "ಉಂಗ ಪೊಣ್ಣು ಇಂಗ ಇರುಕ್ಕು. ವಾಂಗ." ನಿಮ್ಮ ಮಗಳು ಇಲ್ಲಿದ್ದಾಳೆ. ಬನ್ನಿ.

ರಾಯಪುರಂನಲ್ಲಿ ಸಮುದ್ರದ ಕಡೆಯ ಸಣ್ಣ ಓಣಿ. ನೆನ್ನೆ ಮಣ್ಣು ಮಾಡಿದ್ದಾರೆ. ಬಾಗಿಲ ಮುಂದೆ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ನಿಖಿತಾ ಗೋಡೆಗೊರಗಿ ಕೂತಿದ್ದಳು. ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು ಬಂದು ಎಲ್ಲ ಹೇಳಿಬಿಟ್ಟಿದ್ದಳು. ಅವಳ ಕೆನ್ನೆಯ ಮೇಲೆ ಬೆರಳಿನ ಗುರುತು. ಯಾರು ಹೊಡೆದರೋ ಕೇಳಲಿಲ್ಲ. ಪಕ್ಕದಲ್ಲೇ ಅರ್ಧ ಕುಡಿದ ಟೀ ಲೋಟವೂ ಇತ್ತು.

ಲೂರ್ದು ಮೇರಿ ನನ್ನ ಜೊತೆ ಕೂಗಾಡಲಿಲ್ಲ. ತಮಿಳಿನಲ್ಲಿ, ಮೆಲ್ಲಗೆ ಹೇಳಿದರು.

"ಕಡೇ ದಿನದ ತನಕ ಕೇಳಿದ್ರು ಸಾರ್, ಆ ಹುಡುಗಿ ಎಲ್ಲಿ ಅಂತ. ಯಾರೂ ಇರ್ಲಿಲ್ಲ, ಜ್ವರಕ್ಕೆ ಏನೋ ಕಾಣ್ತಿದೆ ನಿಮಗೆ ಅಂತ ನಾನೇ ಗದರಿದೆ. ನಿಮ್ಮ ಮಾತು ಕೇಳಿ. ಕೊನೇಲಿ ಅವರೂ ಕೇಳೋದು ಬಿಟ್ಟರು. ಕಾಲು ಹೋಗಿದ್ದಕ್ಕೆ, ಜೀವ ಹೋಗಿದ್ದಕ್ಕೆ ಕೋರ್ಟಿದೆ. ಇದಕ್ಕೆ ಏನು ಹೇಳ್ತೀರಿ?"

ಕಾಲು ಮುಟ್ಟಲು ಬಗ್ಗಿದೆ. ಹಿಂದೆ ಸರಿದರು.

ಬರುವಾಗ ಆಟೋದಲ್ಲಿ ನಿಖಿತಾ ಹೇಳಿದ್ದು ಒಂದೇ ಮಾತು. "ನಾಳೆ ಸ್ಟೇಷನ್‌ಗೆ ಹೋಗ್ತೀನಿ. ನೀನು ಬರ್ತೀಯಾ ಇಲ್ವಾ, ನಿನ್ನಿಷ್ಟ."

ಫೆಬ್ರವರಿ 13, ಗುರುವಾರ. ಬೆಳಿಗ್ಗೆ 10:40

ಸ್ಟೇಷನ್ ವರಾಂಡದ ಬೆಂಚು. ಡೈರಿ ಬ್ಯಾಗಿನಲ್ಲಿತ್ತು. ಸುಮ್ಮನೆ ಕೂತರೆ ತಲೆ ಕೆಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಮಧುಸೂದನ್ ಬರಲಿಲ್ಲ. ಬೆಳಿಗ್ಗೆ ನಾಲ್ಕು ಸಲ ಫೋನು ಮಾಡಿ ನಿಲ್ಲಿಸಲು ನೋಡಿದ. ಲಾಯರು ಬಂದಿದ್ದಾರೆ. ನನ್ನ ಮೇಲೆ ಸುಳ್ಳು ಹೇಳಿಕೆಯ ಕೇಸು ಬೇರೆ ಆಗುತ್ತದಂತೆ, ಸರ್ವೇಯರ್ ಲೈಸೆನ್ಸೂ ಹೋಗಬಹುದಂತೆ. ಹೋಗಲಿ. ಶಾಲಿನಿ ಪಕ್ಕದಲ್ಲಿ ಕೂತಿದ್ದಾಳೆ. ಆರು ದಿನದ ಮೇಲೆ ಮೊದಲ ಮಾತು ಆಡಿದಳು — "ನೀರು ಕುಡೀರಿ."

ನಿಖಿತಾ ಒಳಗಿದ್ದಾಳೆ. ಬಾಗಿಲು ಅರ್ಧ ತೆರೆದಿದೆ. ತಮಿಳಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಾಳೆ. ವೇಗ ಎಷ್ಟು ಎಂದು ಕೇಳಿದರು. ನೂರರ ಮೇಲೆ, ಎಂದಳು. ಅವರಿಗೆ ಪ್ರಜ್ಞೆ ಇತ್ತಾ, ಏನಾದರೂ ಹೇಳಿದರಾ ಎಂದು ಇನ್‌ಸ್ಪೆಕ್ಟರ್ ಕೇಳುತ್ತಿದ್ದಾರೆ.

ಹನ್ನೊಂದು ದಿನದಲ್ಲಿ ನಾನು ಒಮ್ಮೆಯೂ ಅವಳನ್ನು ಇದನ್ನು ಕೇಳಲಿಲ್ಲ.

ಹೇಳುತ್ತಿದ್ದಾಳೆ. "ಅಳಬೇಡಮ್ಮಾ ಅಂದ್ರು. ಭಯಪಡಬೇಡ, ನಿಮ್ಮಪ್ಪನಿಗೆ ಫೋನ್ ಮಾಡು ಅಂದ್ರು. ಅಪ್ಪ ಬಂದ್ರೆ ಎಲ್ಲಾ ಸರಿಯಾಗತ್ತೆ ಅಂದ್ರು."

ಶಾಲಿನಿ ಮುಖ ಮುಚ್ಚಿಕೊಂಡಳು. ಕಾನ್‌ಸ್ಟೇಬಲ್ ಬಾಗಿಲಿಗೆ ಬಂದು ನನ್ನ ಹೆಸರು ಕೂಗುತ್ತಿದ್ದಾನೆ. ಏಳಬೇಕು. ಅವತ್ತು ನಾನು ಅಲ್ಲಿಗೆ ಹೋಗಿ ಮೊದಲು ಮಾಡಿದ್ದು, ಅವರ ತಲೆಯನ್ನು ಅವಳ ತೊಡೆಯಿಂದ ಎತ್ತಿದ್ದು.