ತಾಪಾಂಗ್ ಮರಕ್ಕೆ ಏರುವ ದಾರಿ

ನಂಗಾ ಸೆಬಾತು ಉದ್ದಮನೆ,
ಕತಿಬಾಸ್ ನದಿಯ ಮೇಲ್ದಂಡೆ
ಮಂಗಳವಾರ, ಮೇ 19, 1987

ಪ್ರೀತಿಯ ತಮ್ಮ ಜಾರೌ,

ನಿನ್ನ ಬೆನ್ನುನೋವು ಈಗ ಹೇಗಿದೆ? ಎಣ್ಣೆಬಾವಿಯಲ್ಲಿ ಭಾರ ಎತ್ತುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀಯಷ್ಟೆ? ಕಳೆದ ಪತ್ರದಲ್ಲಿ ನೀನು ಆರೋಗ್ಯದ ಬಗ್ಗೆ ಬರೆದದ್ದು ಅರ್ಧ ಸಾಲು. ದಿನಾಂಕವಂತೂ ಇರಲೇ ಇಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳ ತಮ್ಮನಿಗೆ ಇದು ಶೋಭಿಸುವುದಿಲ್ಲ. ನಾನು ಕ್ಷೇಮ. ನಿನ್ನ ಮಗಳು ಸೆಂಡಿಯೂ ಇವತ್ತಿನವರೆಗೆ ಕ್ಷೇಮ.

ಐದು ವರ್ಷ ಸುಮ್ಮನಿದ್ದ ಕಾಡು ಈ ಸಲ ಒಟ್ಟಿಗೇ ಹೂಬಿಟ್ಟಿದೆ. ಬೆಳಿಗ್ಗೆ ದೋಣಿಕಟ್ಟೆಗೆ ಇಳಿದರೆ ನೀರೇ ಕಾಣದಷ್ಟು ಎಸಳುಗಳು ತೇಲುತ್ತಿರುತ್ತವೆ. ಕಾಡತ್ತಿ ಮರದಲ್ಲಿ ಮಂಗಟ್ಟೆ ಹಕ್ಕಿಗಳ ಗದ್ದಲ. ಗಡ್ಡದ ಹಂದಿಗಳು ಮುಂದೆ ಉದುರುವ ಕಾಯಿಯ ಆಸೆಗೆ ಈಗಲೇ ಹಿಂಡು ಕಟ್ಟಿಕೊಂಡು ಹೊಳೆ ಈಜಿ ಬರುತ್ತಿವೆ. ಹೆಜ್ಜೇನೂ ಬಂದಿದೆ. ನಮ್ಮ ಅಜ್ಜನ ತಾಪಾಂಗ್ ಮರದಲ್ಲಿ ನಲವತ್ತೊಂದು ಹುಟ್ಟುಗಳನ್ನು ನಾನೇ ಎಣಿಸಿದ್ದೇನೆ. ಆ ಬಿಳಿ ಕಾಂಡ ಜಾರುವುದರಿಂದ ಕರಡಿ ಏರುವುದಿಲ್ಲ, ಕರಡಿ ಏರದ ಕಾರಣಕ್ಕೇ ಜೇನು ಅಲ್ಲಿ ಕೂರುತ್ತದೆ. ಬೇರೆ ವರ್ಷವಾಗಿದ್ದರೆ ಇದನ್ನೆಲ್ಲ ಸಂತೋಷದಿಂದ ಬರೆಯುತ್ತಿದ್ದೆ.

ಮರದ ಬುಡ ಸವರಿ, ಹೂವಿನ ವರ್ಷದಲ್ಲಿ ತಮ್ಮವರೊಬ್ಬರನ್ನು ಜೇನಿಗೆ ಹತ್ತಿಸುವ ಬಾಗಿಲಿಗೇ, ಉದ್ದಮನೆಯ ಆ ಕುಟುಂಬಕ್ಕೇ, ಮರದ ಹಕ್ಕು ಎಂಬುದು ನಿನಗೆ ಗೊತ್ತಿರುವ ಕಟ್ಟಳೆ. ಹಿಂದೆಲ್ಲ ಹತ್ತುತ್ತಿದ್ದ ನೀನು ಈಗ ದೂರದಲ್ಲಿದ್ದೀಯೆಂದು ಆರನೆಯ ಬಾಗಿಲಿನ ಗಾರೈ ಎಲ್ಲರೂ ಕುಳಿತಿದ್ದ ಜಗಲಿಯಲ್ಲಿ, “ಏನ್ ಟೀಚರಮ್ಮ, ಈ ಸಲ ಮರ ಹತ್ತೋರು ಯಾರು? ನಿಮ್ ಸೀಮೆಸುಣ್ಣನಾ?” ಎಂದು ಕೇಳಿದ. ಹೆಂಗಸರೂ ನಕ್ಕರು. “ನಮ್ಮ ಬಾಗಿಲಿನವರೇ ಹತ್ತುತ್ತಾರೆ, ನೀನು ಬೋಗುಣಿ ತೊಳೆದಿಡು,” ಎಂದುಬಿಟ್ಟೆ. ಯಾರೆಂದು ನಾನು ಯೋಚಿಸಿರಲಿಲ್ಲ. ಅಷ್ಟರಲ್ಲಿ ಸೆಂಡಿ ಎದ್ದು ನಿಂತು, “ನಾನ್ ಹತ್ತೀನಿ,” ಎಂದಳು. ಹತ್ತೊಂಬತ್ತು ವರ್ಷದ ಹುಡುಗಿ, ದುರಿಯನ್ ಮರಕ್ಕಿಂತ ಎತ್ತರ ಏರಿದವಳಲ್ಲ. ಅಂದಿನಿಂದ ಬಿದಿರಿನ ಗೂಟ ಕೆತ್ತುತ್ತಿದ್ದಾಳೆ. ಇನ್ನೆಂಟು ದಿನಕ್ಕೆ ಅಮಾವಾಸ್ಯೆ, ಕತ್ತಲಲ್ಲಿ ಜೇನು ಮೈಮೇಲೆ ಬೀಳುವುದಿಲ್ಲವೆಂದು ಅಂದೇ ಹತ್ತುವುದು.

ಇನ್ನೊಂದು ಸಂಗತಿ ಬರೆಯಲೇಬೇಕು. ಬುಡ ಸವರಿಸಲು ಹೋದ ವಾರ ಇಬ್ಬರನ್ನು ಕರೆದುಕೊಂಡು ಹೋಗಿದ್ದೆ. ಶಾಲೆಯ ಅಂಗಳದಂತೆ ಚೊಕ್ಕಟವಾಗಲಿ ಎಂದು, ತಾಪಾಂಗಿಗೆ ಒತ್ತಿಕೊಂಡಿದ್ದ ಸಣಕಲು ಮರವನ್ನೂ ಕಡಿಸಿದೆ. ಬೇಡವೆನ್ನಲು ಬಾಯಿ ತೆರೆದವರನ್ನು ಗದರಿಸಿದೆ. ಅದು ನೆಲಕ್ಕೆ ಬಿದ್ದ ಮೇಲೆ ಅದರ ಮೈತುಂಬ ಕಾಲಿಡಲು ನೀನು ಕತ್ತಿಯಿಂದ ಹಾಕಿದ ಕಚ್ಚುಗಳು ಕಂಡವು. ತುದಿಯಲ್ಲಿ ಹಳೆಯ ಬೆತ್ತದ ಕಟ್ಟು ಇನ್ನೂ ಇತ್ತು. ನೀನು ಅರ್ಧ ಎತ್ತರ ಅದರಲ್ಲೇ ಏರಿ, ಬೆತ್ತ ಹಿಡಿದು ತಾಪಾಂಗಿಗೆ ದಾಟುತ್ತಿದ್ದೆಯಂತೆ. ಜೇನಿನ ದಿನಗಳಲ್ಲಿ ನಾನು ಶಾಲೆ ಬಿಟ್ಟು ಬಂದವಳಲ್ಲ, ತಮ್ಮ, ನನಗೆ ತಿಳಿದಿರಲಿಲ್ಲ. ಈಗ ಮಗು ನೆಲದಿಂದಲೇ ಆ ಜಾರುವ ಕಾಂಡಕ್ಕೆ ಗೂಟ ಹೊಡೆಯುತ್ತ ಏರಬೇಕು. ಊಟಕ್ಕೆ ಕುಳಿತರೆ ಅವಳ ಕಾಲುಗಳ ಮೇಲೇ ನನ್ನ ಕಣ್ಣು.

ಆದ್ದರಿಂದ ನಿನ್ನಲ್ಲಿ ನನ್ನ ಕೋರಿಕೆ. ರೇಡಿಯೊದಲ್ಲಿ ಸಂಜೆ ಮನೆಗಳಿಗೆ ಸಂದೇಶ ಓದುತ್ತಾರಲ್ಲ, ಅದಕ್ಕೆ ಒಡನೆ ಬರೆದು ಕಳುಹಿಸು: ತಂದೆಯಾದ ನಾನು ಸೆಂಡಿ ಮರ ಹತ್ತುವುದನ್ನು ಒಪ್ಪುವುದಿಲ್ಲ ಎಂದು. ಇಡೀ ಉದ್ದಮನೆ ಕೇಳಿಸಿಕೊಳ್ಳುತ್ತದೆ. ತಂದೆಯ ಮಾತಿನ ಮುಂದೆ ನನ್ನ ಮಾತು ನಿಲ್ಲಲಿಲ್ಲ ಎಂದಾಗುತ್ತದೆ, ಯಾರೂ ನಗುವುದಿಲ್ಲ.

ಹೊಳೆಯ ತಂಪು ನಿನ್ನ ಮೈಗೆ ಅಲ್ಲಿಯೂ ಸಿಗಲಿ, ನಮ್ಮ ಹಿರಿಯರು ನಿನ್ನ ಬೆನ್ನು ಕಾಯಲಿ.

ನಿನ್ನ ಅಕ್ಕ,
ತಿಪೊಂಗ್

ಮರೆತ ಮಾತು: ದೋಣಿಯವನು ಕೂಗುತ್ತಿದ್ದಾನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಲಕೋಟೆ ಅಂಟಿಸುವಾಗ ಸೆಂಡಿ ಬಂದಳು. ಅಪ್ಪ ಬೇಡವೆಂದರೆ ಏನು ಮಾಡುತ್ತೀ ಎಂದು ಕೇಳಿದೆ. “ಅಪ್ಪ ಬೇಡ ಅಂದ್ರೂ ಹತ್ತೀನಿ ಅತ್ತೆ. ಅಷ್ಟು ಜನರ ಮುಂದೆ ನೀವು ಮಾತು ಕೊಟ್ಟಿದ್ದೀರಿ, ನಿಮ್ ಮುಖ ಸಣ್ಣದಾಗ್ಬಾರ್ದು,” ಎಂದಳು. ಅವಳ ಅಂಗೈ ತುಂಬ ಬಿದಿರಿನ ಸಿಬಿರು. ರೇಡಿಯೊಗೆ ಏನನ್ನೂ ಕಳುಹಿಸಬೇಡ. ಗಾರೈ ಜಗಲಿಯಲ್ಲೇ ಬಲೆ ಹೆಣೆಯುತ್ತಿದ್ದಾನೆ. ದಾರಿಯ ಮರ ಕಡಿಸಿದವಳು ನಾನು, ನಮ್ಮ ಬಾಗಿಲಿನಿಂದ ಯಾರೂ ಹತ್ತುವುದಿಲ್ಲ ಎಂದು ಈಗಲೇ ಹೋಗಿ ಹೇಳುತ್ತೇನೆ. ಅಜ್ಜನ ಮರ ಅವನ ಬಾಗಿಲಿಗೆ ಹೋಗುತ್ತದೆ. ನೀನು ನನ್ನನ್ನು ಬೈದು ಬರೆ, ಮಗಳಿಗೆ ಮಾತ್ರ ಒಂದು ಒಳ್ಳೆಯ ಸಾಲು ಬರೆ. ದೋಣಿ ಹೊರಡುವುದರೊಳಗೆ ಹೇಳಿಬಿಡಬೇಕು, ಆಮೇಲೆ ನನಗೆ ಧೈರ್ಯ ಉಳಿಯದು.